ಐದನೇ ಖಾನೆಯ ಕಾರ್ಡುಗಳು

ಪ್ರಫುಲ್ಲಾ ಹೇಡಿ. ಅವಳ ಊರಾದ ಎಲ್ಲೂರಿನಲ್ಲಿ ಅವಳನ್ನು ಸಾಧು ಸ್ವಭಾವದವಳು, ಯಾರ ಮನಸ್ಸನ್ನೂ ನೋಯಿಸದವಳು ಎಂದು ಹೊಗಳುತ್ತಾರೆ. ಅಪ್ರಿಯವಾದ ಮಾತನ್ನು ಎದುರಿಗೆ ಹೇಳಲಾರದವರಿಗೆ ನಮ್ಮ ಕಡೆ ಕೊಡುವ ಮರ್ಯಾದೆಯ ಹೆಸರು ಅದು.

ಅವಳಿಗೆ ಮೂವತ್ತೊಂದು ವರ್ಷ. ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ರೋಗಿಗಳನ್ನು ಎಬ್ಬಿಸಿ, ಮೈ ಒರೆಸಿ, ಹೊರಳಿಸಿ ಮಲಗಿಸುವ ಕೆಲಸ. ಅದೇ ವಾರ್ಡಿನಲ್ಲಿ ಉದ್ಯಾವರದ ಲವಿಟಾ ಇದ್ದಳು. ಇಬ್ಬರೂ ಜಪಾನಿನ ಒಂದು ವೃದ್ಧಾಶ್ರಮದ ಕೆಲಸಕ್ಕೆ ಜೊತೆಯಾಗಿ ಅರ್ಜಿ ಹಾಕಿದರು. ಭಾಷೆಯ ಪರೀಕ್ಷೆ ಪಾಸಾಗಬೇಕೆಂಬ ಷರತ್ತಿನ ಮೇಲೆ ಆಶ್ರಮದವರು ಇಬ್ಬರಿಗೂ ಜಾಗ ಇಟ್ಟರು. ಹಾಗಾಗಿ ಒಂದೂವರೆ ವರ್ಷ ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಮನೆಗೆ ಜಪಾನಿ ಕಲಿಯಲು ಬಂದರು.

ಮಾತು ಬೇಗ ಬರುತ್ತದೆ. ಬಂದರೂ ನಿಲ್ಲದ್ದು ಕಾಂಜಿ, ಅಂದರೆ ಒಂದೊಂದೂ ಒಂದು ಅರ್ಥವನ್ನು ಹೊತ್ತ ಆ ಚಿತ್ರದಂಥ ಅಕ್ಷರಗಳು. ಭಾನುವಾರ ಕಲಿತ ಹತ್ತರಲ್ಲಿ ಆರು ಬುಧವಾರಕ್ಕೆ ಇರುವುದಿಲ್ಲ. ಅದಕ್ಕಾಗಿ ನನ್ನ ಕ್ಲಾಸಿನಲ್ಲಿ ಪ್ರತಿಯೊಬ್ಬರಿಗೂ ಐದು ಖಾನೆಗಳ ಪೆಟ್ಟಿಗೆ ಉಂಟು. ಅದರೊಳಗೆ ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ ಮಾಡಿದ ಕಾರ್ಡುಗಳು; ಒಂದು ಬದಿ ಅಕ್ಷರ, ಇನ್ನೊಂದು ಬದಿ ಅರ್ಥ. ಮೊದಲ ಖಾನೆಯದ್ದನ್ನು ದಿನವೂ ಕೇಳಬೇಕು. ಸರಿ ಹೇಳಿದರೆ ಕಾರ್ಡು ಮುಂದಿನ ಖಾನೆಗೆ ಹೋಗುತ್ತದೆ. ಐದನೆಯದ್ದನ್ನು ತಿಂಗಳಿಗೊಮ್ಮೆ ಕೇಳಿದರೆ ಸಾಕು. ತಪ್ಪಿದರೆ ಎಲ್ಲಿದ್ದರೂ ಮೊದಲ ಖಾನೆಗೆ ವಾಪಸು. ಒಬ್ಬರ ಪೆಟ್ಟಿಗೆ ಇನ್ನೊಬ್ಬರ ಕೈಯಲ್ಲಿರಬೇಕು ಎಂಬುದು ನಿಯಮ. ತನಗೆ ತಾನೇ ತಪ್ಪು ಎಂದು ಹೇಳಿಕೊಳ್ಳುವ ಮನುಷ್ಯರನ್ನು ನಾನು ಹೆಚ್ಚು ಕಂಡಿಲ್ಲ.

ಲವಿಟಾಳ ಪೆಟ್ಟಿಗೆ ಪ್ರಫುಲ್ಲಾಳ ಕೈಯಲ್ಲಿತ್ತು. ಆಸ್ಪತ್ರೆಗೆ ಹೋಗುವಾಗ ಕಾಪುವಿನಲ್ಲಿ ಬಸ್ಸು ಹತ್ತಿ ಸೀಟು ಹಿಡಿದಿಟ್ಟು, ಉದ್ಯಾವರದಲ್ಲಿ ಲವಿಟಾ ಬಂದು ಕೂತ ಕೂಡಲೇ ಕಾರ್ಡು ತೆಗೆಯುತ್ತಿದ್ದಳು.

"ಗಂಜಿ ಊಟ ಶುರುವಾಯ್ತಾ?" ಎಂದು ಕಂಡಕ್ಟರ್ ಧನರಾಜ್ ಕಾಂಜಿಯನ್ನು ಗಂಜಿ ಮಾಡಿ ದಿನವೂ ಕೇಳುತ್ತಿದ್ದನಂತೆ.

"ನಿಮಗೆ ಟಿಕೆಟು ಹರಿಯುವ ಕೆಲಸ ಇಲ್ಲವಾ?" ಎನ್ನುತ್ತಿದ್ದಳಂತೆ ಲವಿಟಾ.

ಜುಲೈ ಪರೀಕ್ಷೆಯಲ್ಲಿ ಪ್ರಫುಲ್ಲಾ ಪಾಸು, ಲವಿಟಾ ಫೇಲು. ಫಲಿತಾಂಶ ಬಂದ ಭಾನುವಾರ ನಾನು ಲವಿಟಾಳ ಪೆಟ್ಟಿಗೆ ತೆರೆದೆ. ಐದನೇ ಖಾನೆ ತುಂಬಿತ್ತು. ಮೊದಲನೆಯದರಲ್ಲಿ ನಾಲ್ಕೇ ಕಾರ್ಡು. ಐದನೆಯದರಿಂದ ಮೂವತ್ತು ಎತ್ತಿ ಕೇಳಿದೆ. ಹನ್ನೊಂದು ಹೇಳಿದಳು. 'ಜ್ವರ' ಗೊತ್ತಿರಲಿಲ್ಲ. 'ನೋವು' ಗೊತ್ತಿರಲಿಲ್ಲ.

"ಇವು ಇಲ್ಲಿಗೆ ಹೇಗೆ ಬಂದವು?" ಎಂದು ಪ್ರಫುಲ್ಲಾಳನ್ನು ಕೇಳಿದೆ.

"ಅವಳಿಗೆ ನಾಲಗೆ ತುದಿಯಲ್ಲಿ ಇರುತ್ತಿತ್ತು ಟೀಚರ್. ನಾನು ಸ್ವಲ್ಪ ಶುರು ಮಾಡಿಕೊಟ್ಟರೆ ಉಳಿದದ್ದು ಹೇಳುತ್ತಿದ್ದಳು."

"ಶುರು ಮಾಡಿಕೊಡಲು ನಿನಗೆ ಯಾರು ಹೇಳಿದ್ದು?"

"ಬೆಳಿಗ್ಗೆ ಬೆಳಿಗ್ಗೆ ಅವಳ ಮುಖ ಸಣ್ಣದಾಗುತ್ತಿತ್ತು. ಎಂತ ಮಾಡುವುದು?"

ಲವಿಟಾ ಅವಳ ಕಡೆ ತಿರುಗಿದಳು. "ಮುಖ ನೋಡಿ ಮಾರ್ಕು ಕೊಟ್ಟದ್ದಾ ನೀನು? ಐದನೇ ಖಾನೆ ತುಂಬಿತು ಅಂತ ನಾನು ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ ಮಾರಾಯ್ತಿ. ನಿನ್ನ ಪೆಟ್ಟಿಗೆ ನನ್ನ ಕೈಯಲ್ಲಿತ್ತಲ್ಲ. ಒಂದು ಕಾರ್ಡಾದರೂ ನಾನು ಹಾಗೆ ಬಿಟ್ಟದ್ದುಂಟಾ?"

"ಇಲ್ಲ."

"ಅದಕ್ಕೇ ನೀನು ಪಾಸು."

ಇದರ ಸರಿಯಾದ ಹೆಸರು ದ್ರೋಹ. ನಾನು ಹಾಗೆಂದೇ ಹೇಳಿದೆ. ಕನಿಕರದಿಂದ ಮಾಡಿದ್ದು ಎಂಬ ಕಾರಣಕ್ಕೆ ಲವಿಟಾಳ ಅಂಕಗಳು ಹೆಚ್ಚಾಗುವುದಿಲ್ಲ. ಪ್ರಫುಲ್ಲಾ ತಲೆ ತಗ್ಗಿಸಿ ಕೇಳಿಸಿಕೊಂಡಳು. ಅದರಲ್ಲಿ ಅವಳು ನಿಪುಣಳು.

ಲವಿಟಾಳ ಜಾಗವನ್ನು ಡಿಸೆಂಬರ್ ಪರೀಕ್ಷೆಯವರೆಗೆ ಮಾತ್ರ ಕಾಯುತ್ತೇವೆ ಎಂದು ಆಶ್ರಮದವರು ಬರೆದರು. ಲವಿಟಾ ಬಸ್ಸು ಬದಲಾಯಿಸಿದಳು. ಕ್ಲಾಸಿನಲ್ಲಿ ಮೇಜಿನ ಇನ್ನೊಂದು ತುದಿಗೆ ಹೋದಳು. ಅವಳ ಪೆಟ್ಟಿಗೆಯನ್ನು ನಾನು ಕಾರ್ಕಳದಿಂದ ಬರುವ ಭವ್ಯಶ್ರೀಯ ಕೈಗೆ ಕೊಟ್ಟೆ. ಪಾಸಾದ ಮೇಲೂ, ವೀಸಾಕ್ಕೆ ಕಾಯುತ್ತಾ, ಪ್ರಫುಲ್ಲಾ ತಪ್ಪದೆ ಬರುತ್ತಿದ್ದಳು. ಯಾರೂ ತಮ್ಮ ಪೆಟ್ಟಿಗೆಯನ್ನು ಅವಳಿಗೆ ಕೊಡಲಿಲ್ಲ, ಕೊಡಿ ಎಂದು ನಾನೂ ಹೇಳಲಿಲ್ಲ.

ನವೆಂಬರಿನ ಎರಡನೇ ಭಾನುವಾರ ಲವಿಟಾ ಬೆಳಗಿನಿಂದ ಏಳು ಕಾರ್ಡು ತಪ್ಪಿದ್ದಳು. ಪರೀಕ್ಷೆಗೆ ಮೂರೇ ವಾರ ಉಳಿದಿತ್ತು. ಭವ್ಯಶ್ರೀ ಮುಂದಿನದ್ದನ್ನು ಎತ್ತಿ ಹಿಡಿದಳು. ಲವಿಟಾ ಬಹಳ ಹೊತ್ತು ನೋಡಿದಳು, ಕಣ್ಣೊರೆಸಿಕೊಂಡಳು. ಭವ್ಯಶ್ರೀಯ ತುಟಿ ಸ್ವಲ್ಪ ಅಲ್ಲಾಡಿತು. ಲವಿಟಾ ಉತ್ತರ ಹೇಳಿದಳು. ನಾನು ಕಂಡೆ. ಒಂದು ಕಾರ್ಡು ಹೋಗಲಿ ಎಂದು ಸುಮ್ಮನಾದೆ.

ಪ್ರಫುಲ್ಲಾ ಎದ್ದು ಮೇಜು ಸುತ್ತಿ ಬಂದಳು. ಎರಡನೇ ಖಾನೆಗೆ ಹೋಗುತ್ತಿದ್ದ ಕಾರ್ಡನ್ನು ಭವ್ಯಶ್ರೀಯ ಬೆರಳುಗಳಿಂದ ಬಿಡಿಸಿ ಮೊದಲನೆಯದಕ್ಕೆ ಹಾಕಿದಳು.

"ಇದು ಅವಳಿಗೆ ಬರುವುದಿಲ್ಲ," ಎಂದಳು.

"ನೀನು ಯಾರು ಹೇಳಲಿಕ್ಕೆ?" ಎಂದಳು ಲವಿಟಾ.

ಪ್ರಫುಲ್ಲಾ ಖಾನೆಯ ಮೇಲಿಟ್ಟ ಕೈಯನ್ನು ತೆಗೆಯಲಿಲ್ಲ.