ಇಪ್ಪತ್ತು ಸಹಿ, ಒಂದು ಅಡಕತ್ತರಿ

ಹನ್ನೆರಡು ವರ್ಷ ಪಾಠ ಹೇಳಿದ ಮೇಲೆ, ನನಗೆ ಪಾಠ ಹೇಳಲು ಬರುತ್ತದೆಯೋ ಇಲ್ಲವೋ ಎಂಬ ಘನವಾದ ಪ್ರಶ್ನೆ ಲಕ್ಷ್ಮೇಶ್ವರದಲ್ಲಿ ಉದ್ಭವಿಸಿತು. ಅಲ್ಲಿನ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಮಾಸ್ತರ. ತಪಾಸಣೆಗೆ ಬಂದ ಅಧಿಕಾರಿಗಳು ನನ್ನ ತರಗತಿಯನ್ನು ಕಂಡು ಸಂತೋಷಪಟ್ಟರು, ನನ್ನ ಕಡತವನ್ನು ಕಂಡು ದುಃಖಪಟ್ಟರು. ಬಿ.ಎ. ಇದೆ, ಬಿ.ಎಡ್. ಇಲ್ಲ. ಹಾಗಾದರೆ ಇಷ್ಟು ವರ್ಷ ಇವರು ಒಳಗೆ ಮಾಡುತ್ತಿದ್ದದ್ದಾದರೂ ಏನು ಎಂದು ಕೇಳಿ ಹೋದರು.

ಆಡಳಿತ ಮಂಡಳಿಯ ಹಿರಿಯರು ಕರೆದು ಚಹಾ ಕುಡಿಸಿದರು. ಆ ಕಚೇರಿಯಲ್ಲಿ ಚಹಾ ಬಂತೆಂದರೆ ಸುದ್ದಿ ಒಳ್ಳೆಯದಲ್ಲ. ಎರಡು ವರ್ಷ ರಜೆ ಕೊಡುತ್ತೇವೆ, ನಿಮ್ಮ ಜಾಗದಲ್ಲಿ ಸದ್ಯಕ್ಕೆ ಯಾರನ್ನಾದರೂ ಕೂಡಿಸಿರುತ್ತೇವೆ, ಬಿ.ಎಡ್. ಮುಗಿಸಿಕೊಂಡು ಬನ್ನಿ ಎಂದರು. ಅಕಸ್ಮಾತ್ ಮೂರನೆಯ ವರ್ಷಕ್ಕೆ ಹೋದರೆ ಎಂದು ಕೇಳಿದೆ. ಅವರು ಬಟ್ಟಲನ್ನು ಕೆಳಗಿಟ್ಟರು.

“ಮೂರನೇ ವರ್ಷಕ್ಕ ಕುರ್ಚಿ ಕಾಯೂದಿಲ್ರಿ ಮಾಸ್ತರ. ಕುರ್ಚಿಗೂ ಒಂದು ತಾಳ್ಮಿ ಅಂತ ಇರತೈತಿ.”

ಆಗ ನನಗೆ ನಲವತ್ತೊಂದು.

ಪ್ರವೇಶಕ್ಕೆ ಪದವಿಯಲ್ಲಿ ಅರ್ಧಕ್ಕರ್ಧ ಅಂಕ ಬೇಕು. ನನ್ನಲ್ಲಿ ಅರ್ಧವಿತ್ತು, ಮೇಲೊಂದು ಕೂದಲೆಳೆಯಿತ್ತು. ಇಪ್ಪತ್ತು ವರ್ಷಗಳ ಹಿಂದೆ ಇತಿಹಾಸದ ಪತ್ರಿಕೆಯನ್ನು ತಿದ್ದಿದ ಯಾವನೋ ಪುಣ್ಯಾತ್ಮ ಮೂರು ಅಂಕ ಹೆಚ್ಚಿಗೆ ಕೊಟ್ಟಿದ್ದ. ಅವನ ಸಂತತಿ ಬೆಳೆಯಲಿ. ಆದರೆ ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಪ್ರಮಾಣಪತ್ರ ಇರಲಿಲ್ಲ. ದಾಖಲೆ ಪರಿಶೀಲಿಸುವ ಮೇಜಿನ ಆಚೆಗಿದ್ದವರು ಒಂದನೆಯಿಂದ ಹತ್ತನೆಯವರೆಗೆ ಕನ್ನಡದಲ್ಲೇ ಓದಿದ್ದೀರಿ ಎನ್ನಲು ಏನು ಪುರಾವೆ ಎಂದರು. ಹತ್ತು ನಿಮಿಷದಿಂದ ತಮ್ಮೊಡನೆ ಕನ್ನಡದಲ್ಲೇ ಜಗಳವಾಡುತ್ತಿದ್ದೇನಲ್ಲ ಎಂದೆ. “ಮಾತಾಡೂದು ಬ್ಯಾರೆ, ಸರ್ಟಿಫಿಕೇಟ್ ಬ್ಯಾರೆ,” ಎಂದು ಅವರು ಅಪ್ಪಟ ಕನ್ನಡದಲ್ಲಿ ತೀರ್ಪು ಕೊಟ್ಟರು. ಬೆಟಗೇರಿಯಲ್ಲಿ ನಾನು ಕಲಿತ ಶಾಲೆಗೆ ಮೂರು ಸಲ ಅಲೆದು, ಹಳೆಯ ದಾಖಲಾತಿ ಪುಸ್ತಕದ ಗೆದ್ದಲನ್ನು ಕೊಡವಿ, ನಾನು ಕನ್ನಡಿಗನೆಂದು ಬರೆಸಿಕೊಂಡು ತಂದೆ.

ಸೀಟು ಸಿಕ್ಕ ದಿನವೇ ಕಾಲೇಜಿನ ಗುಮಾಸ್ತರು ನನ್ನ ಮೂಲ ಅಂಕಪಟ್ಟಿಗಳನ್ನೆಲ್ಲ ಎಣಿಸಿ ತೆಗೆದುಕೊಂಡು, ಹಸಿರು ಬಣ್ಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಕೋರ್ಸು ಮುಗಿದ ಮೇಲೆ ಕೊಡುತ್ತೇವೆ. ನಡುವೆ ಬೇಕಾದರೆ? ನಡುವೆ ಯಾಕೆ ಬೇಕಾಗುತ್ತವೆ ಎಂದು ಅವರು ಕೇಳಿದರು. ಆ ದನಿಯಲ್ಲಿ ನಿಜವಾದ ಕುತೂಹಲವಿತ್ತು.

ನಮ್ಮಪ್ಪ ಬೆಟಗೇರಿಯ ನೇಕಾರ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನಲವತ್ತು ವರ್ಷ ಕೂತ ಮನುಷ್ಯ. ನಾನು ಆ ಕುಣಿಗೆ ಕಾಲಿಡುವುದಿಲ್ಲವೆಂದು ಹದಿನಾರರ ವಯಸ್ಸಿನಲ್ಲಿ ಬಹಳ ಗಂಭೀರವಾಗಿ ಘೋಷಿಸಿದ್ದೆ. ಬಿ.ಎಡ್. ತರಗತಿಯ ಬೆಂಚಿನಲ್ಲಿ ಮೊದಲ ದಿನ ಕೂತಾಗ ಮೊಣಕಾಲು ಮುಂದಿನ ಹಲಗೆಗೆ ಬಡಿಯಿತು. ಕುಣಿ ಇದಕ್ಕಿಂತ ಅಗಲವಾಗಿತ್ತು. ಎದ್ದು ಹೋಗೋಣವೆಂದರೆ ಹಿಂದೆ ಬೀಗ ಹಾಕಿದ ಕಪಾಟು, ಮುಂದೆ ತಾಳ್ಮೆಗೆಟ್ಟ ಕುರ್ಚಿ.

ಸೂಕ್ಷ್ಮ ಬೋಧನೆ ಎಂಬ ಒಂದು ವ್ರತವುಂಟು. ಆರು ನಿಮಿಷದ ಪಾಠ. ಜೊತೆಯ ಪ್ರಶಿಕ್ಷಣಾರ್ಥಿಗಳೇ ಏಳನೆಯ ತರಗತಿಯ ಮಕ್ಕಳಾಗಿ ನಟಿಸಬೇಕು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಮುಂಡರಗಿಯ ಹುಡುಗಿಗೆ ಇಪ್ಪತ್ತೆರಡು. ಅವಳು ಮಗುವಾಗಿ ಚೆನ್ನಾಗಿಯೇ ನಟಿಸುತ್ತಿದ್ದಳು. ನಾನು ಮಗುವಾದಾಗ ಮಾತ್ರ ಎಲ್ಲರೂ ನಗುತ್ತಿದ್ದರು. ಕಪ್ಪು ಹಲಗೆ ಕೌಶಲದಲ್ಲಿ ನನಗೆ ಇಡೀ ತಂಡದಲ್ಲೇ ಕಡಿಮೆ ಅಂಕ ಬಂದವು. ಬೋರ್ಡಿಗೆ ಬೆನ್ನು ಹಾಕಿಕೊಂಡೇ ಬರೆಯುವುದು ನನ್ನ ಹನ್ನೆರಡು ವರ್ಷದ ರೂಢಿ, ಮಕ್ಕಳ ಮೇಲೆ ಕಣ್ಣಿರಬೇಕಲ್ಲ. ಅಕ್ಷರ ಇಳಿಜಾರು ಹಿಡಿದು ಗೋಡೆಗೆ ಹೋಗುತ್ತದೆ.

ಹೀಗೆ ತೆವಳುತ್ತ ಮೂರನೆಯ ಸೆಮಿಸ್ಟರಿಗೆ ಬಂದೆ. ಇಲ್ಲಿಂದ ನಾಲ್ಕನೆಯದಕ್ಕೆ ದಾಟಬೇಕಾದರೆ ಶಾಲೆಯೊಂದರಲ್ಲಿ ಇದ್ದು ಇಪ್ಪತ್ತು ಪಾಠ ಮಾಡಬೇಕು. ಪ್ರತಿ ಪಾಠಕ್ಕೂ ಮೊದಲು ಪಾಠಯೋಜನೆ ಬರೆಯಬೇಕು, ಆ ಶಾಲೆಯ ಮಾರ್ಗದರ್ಶಿ ಶಿಕ್ಷಕರು ಅದಕ್ಕೆ ಸಹಿ ಹಾಕಬೇಕು, ಆಮೇಲೆ ಬಾಯಿ ತೆರೆಯಬೇಕು. ಒಂದು ಸಹಿ ಕಡಿಮೆಯಾದರೂ ಅಲ್ಲೇ ತಡೆ, ಮುಂದಿನ ವರ್ಷ ಮತ್ತೆ ಬರಬೇಕು. ಮುಂದಿನ ವರ್ಷವೆಂದರೆ ನನ್ನ ಲೆಕ್ಕದಲ್ಲಿ ಮೂರನೆಯ ವರ್ಷ.

ನನಗೆ ಶಿರಹಟ್ಟಿಯ ಶಾಲೆ ಬಂತು. ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಾನು ನಿಂತ ಕೂಡಲೇ ಮೂಲೆಯ ಮೇಜಿನ ಹಿಂದಿದ್ದ ಮೇಡಂ ಒಬ್ಬರು ದಡಬಡಿಸಿ ಎದ್ದು ನಿಂತರು. ಲಕ್ಷ್ಮೇಶ್ವರದಲ್ಲಿ ನಾನು ಪಾಠ ಹೇಳಿದ ಮೊದಲ ವರ್ಷದ ಎಂಟನೆಯ ತರಗತಿಯ ಹುಡುಗಿ. ಶಿಗ್ಲಿಯಿಂದ ನಡೆದು ಬಂದು, ಕಿಟಕಿಯ ಪಕ್ಕ ಕೂತು, ಪ್ರಶ್ನೆ ಕೇಳಿ ಕೇಳಿ ನನ್ನ ಜೀವ ಹಿಂಡುತ್ತಿದ್ದವಳು. ಈಗ ಸರಕಾರಿ ಶಿಕ್ಷಕಿ, ಮತ್ತು ನನ್ನ ಮಾರ್ಗದರ್ಶಿ. ಗುರುಗಳು ಕೂರದೆ ಶಿಷ್ಯೆ ಕೂರುವಂತಿಲ್ಲ, ಮಾರ್ಗದರ್ಶಿ ಕೂರದೆ ಪ್ರಶಿಕ್ಷಣಾರ್ಥಿ ಕೂರುವಂತಿಲ್ಲ. ಸಿಪಾಯಿ ಬಂದು ಗಂಟೆ ಬಾರಿಸುವವರೆಗೆ ಇಬ್ಬರೂ ನಿಂತೇ ಇದ್ದೆವು.

ಮರುದಿನವೇ ಆಕೆಗೆ ಮೂರು ವಾರದ ತರಬೇತಿಗೆ ಆದೇಶ ಬಂತು. ಬೋಧನೆ ಕಲಿತವರಿಗೆ ಮತ್ತೆ ಬೋಧನೆ ಕಲಿಸುವ ತರಬೇತಿ. ಹೋಗುವಾಗ, ದಿನಾ ಯೋಜನೆ ಬರೆದಿಡಿ ಸರ್, ವಾರಕ್ಕೊಮ್ಮೆ ಶನಿವಾರ ಬಂದು ಸಹಿ ಹಾಕುತ್ತೇನೆ, ಆಮೇಲೆ ಆ ಪಾಠ ಮಾಡಿ ಎಂದು ಹೇಳಿ ಹೋದರು. ನಾನು ಹೂಂ ಎಂದೆ. ಎಂಟನೆಯ ತರಗತಿಗೆ ಹೋಗಿ, ಹನ್ನೆರಡು ವರ್ಷ ಹೇಗೆ ಹೇಳುತ್ತಿದ್ದೆನೋ ಹಾಗೆಯೇ ಪಾಠ ಹೇಳಿದೆ. ಬಾಯಿಗೆ ಬಂದದ್ದನ್ನು ಕಾಗದಕ್ಕೆ ಮೊದಲೇ ತಿಳಿಸುವ ರೂಢಿ ನನಗಿರಲಿಲ್ಲ. ಶನಿವಾರ ಆಕೆಗೂ ಬರಲು ಆಗಲಿಲ್ಲ. ಒಂದು ಹೋಯಿತು, ಎರಡು ಹೋದವು. ಮಕ್ಕಳು ಪಾಠ ಕಲಿತರು. ದಾಖಲೆಯ ದೃಷ್ಟಿಯಿಂದ ಆ ಶಾಲೆಯಲ್ಲಿ ಏನೂ ನಡೆದಿರಲಿಲ್ಲ.

ಆಕೆ ಮರಳುವ ಹಿಂದಿನ ಭಾನುವಾರ ಗಾಬರಿಯಾಗಿ ಮುಂಡರಗಿಯ ಹುಡುಗಿಗೆ ಫೋನ್ ಮಾಡಿದೆ. ಅವಳಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. ಎಲ್ಲರೂ ವಹಿಯಿಂದಲೇ ಬರೆಯುತ್ತಾರಲ್ಲ ಸರ್ ಎಂದಳು. ವಹಿಯೆಂದರೆ ವರ್ಷದಿಂದ ವರ್ಷಕ್ಕೆ ಹಿರಿಯರಿಂದ ಕಿರಿಯರಿಗೆ ಬರುವ ಪಾಠಯೋಜನೆಯ ಪುಸ್ತಕ. ಯಾರು ಮೊದಲು ಬರೆದರೋ ಬಲ್ಲವರಿಲ್ಲ, ಪ್ರತಿ ತಂಡದಲ್ಲೂ ಒಬ್ಬರು ಅದರ ನಕಲು ಮಾಡಿ ಮುಂದಿನವರಿಗೆ ದಾಟಿಸುತ್ತಾರೆ. ವೇದ ಉಳಿದುಬಂದದ್ದೂ ಹೀಗೆಯೇ. ಮಧ್ಯಾಹ್ನದೊಳಗೆ ಅವಳ ಅಣ್ಣ ಲಕ್ಷ್ಮೇಶ್ವರದ ಬಸ್ಸಿನ ಕಂಡಕ್ಟರರ ಕೈಯಲ್ಲಿ ವಹಿ ಕಳಿಸಿದ.

ಇಪ್ಪತ್ತೂ ಪಾಠಗಳನ್ನು ಭಕ್ತಿಯಿಂದ ನಕಲು ಮಾಡಿದೆ. ಸಾಮಾನ್ಯ ಉದ್ದೇಶ, ನಿರ್ದಿಷ್ಟ ಉದ್ದೇಶ, ಪೂರ್ವಜ್ಞಾನ, ಶಿಕ್ಷಕರ ಚಟುವಟಿಕೆ, ವಿದ್ಯಾರ್ಥಿಗಳ ಪ್ರತಿಕ್ರಿಯೆ. ಮಣ್ಣಿನ ವಿಧಗಳ ಪಾಠದಲ್ಲಿ, ಕಪ್ಪು ಮಣ್ಣು ಬೇಸಿಗೆಯಲ್ಲಿ ಬಿರಿಯುವುದಕ್ಕೆ ಒಂದು ಉದಾಹರಣೆಯಿತ್ತು: “ಮುಂಡರಗಿಯ ನನ್ನ ಅಜ್ಜಿಯ ಅಡಕತ್ತರಿ ಎರೆಹೊಲದ ಬಿರುಕಿನಲ್ಲಿ ಬಿದ್ದಿತು.” ನನ್ನ ಸೋದರತ್ತೆಯ ಅಡಕತ್ತರಿಯೂ ಕುರ್ತಕೋಟಿಯ ಹೊಲದಲ್ಲಿ ಹೀಗೆಯೇ ಬಿದ್ದಿತ್ತಲ್ಲ ಎಂದು ಒಂದು ಕ್ಷಣ ಪೆನ್ನು ನಿಲ್ಲಿಸಿದೆ. ಎರೆ ಸೀಮೆಯಲ್ಲಿ ಹೆಂಗಸರ ಅಡಕತ್ತರಿಗೆ ಬೀಳುವುದೇ ಧರ್ಮವಿರಬೇಕು ಎಂದುಕೊಂಡು ಮುಂದೆ ಬರೆದೆ. ಕೈ ಒಂದು ಲಯ ಹಿಡಿದಿತ್ತು, ಮಗ್ಗದ ಲಾಳಿಯ ಹಾಗೆ. ಲಾಳಿಗೆ ಕಣ್ಣಿರುವುದಿಲ್ಲ.

ಸೋಮವಾರ ಮೇಡಂ ನನ್ನ ಪುಸ್ತಕವನ್ನು ಮೊದಲ ಪುಟದಿಂದ ಓದತೊಡಗಿದರು. ಓದುತ್ತಾರೆಂದು ನಾನು ಎಣಿಸಿರಲಿಲ್ಲ. ಸಹಿ ಹಾಕುವವರು ಓದುವ ಪದ್ಧತಿ ನಮ್ಮ ಸೀಮೆಯಲ್ಲಿ ಇಲ್ಲ. ಏಳನೆಯ ಪಾಠದ ಹತ್ತಿರ ನಿಂತು, ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅಲ್ಲಿ ನನ್ನದೇ ಮುದ್ದಾದ ಅಕ್ಷರದಲ್ಲಿ, ನೀಲಿ ಶಾಯಿಯಲ್ಲಿ, “ಕಪ್ಪು ಹಲಗೆಯ ಬಳಕೆ ಉತ್ತಮಗೊಳ್ಳಬೇಕು” ಎಂದಿತ್ತು. ಮಾರ್ಗದರ್ಶಿ ಬರೆಯಬೇಕಾದ ಷರಾ. ಯಾವ ಕಾಲದಲ್ಲೋ ಯಾರಿಗೋ ಯಾರೋ ಬರೆದ ಷರಾವನ್ನು ಪಾಠದ ಭಾಗವೆಂದು ತಿಳಿದು ತಲೆಮಾರುಗಳಿಂದ ಎಲ್ಲರೂ ಬರೆಯುತ್ತ ಬಂದಿದ್ದರು. ಮಾರ್ಗದರ್ಶಿ ನೋಡದ ಪಾಠಕ್ಕೆ ನನ್ನನ್ನು ನಾನೇ ತಿದ್ದಿಕೊಂಡಿದ್ದೆ.

“ಸರ್, ಇದಕ್ಕ ಸಹಿ ಮಾಡಾಕ ಬರೂದಿಲ್ರಿ.”

ಪಾಠಗಳನ್ನು ಮಾಡಿರುವುದು ಖರೆ, ಮಕ್ಕಳನ್ನು ಕೇಳಿ ಎಂದೆ. ಕೇಳಿದ್ದೇನೆ ಸರ್ ಎಂದರು. ಮಾಡಿದ ಪಾಠಕ್ಕೆ ಇವತ್ತು ಸಹಿ ಹಾಕಿದರೆ ಹಿಂದಿನ ತಾರೀಖು ಹಾಕಬೇಕು, ಆ ತಾರೀಖಿನಲ್ಲಿ ನಾನು ತರಬೇತಿಯ ಹಾಜರಿಯಲ್ಲಿದ್ದೆ, ಒಬ್ಬಳೇ ಎರಡು ಊರಲ್ಲಿ ಇರಲು ಆಗುವುದಿಲ್ಲ ಎಂದು ಮೆಲ್ಲಗೆ ವಿವರಿಸಿದರು. ಆಮೇಲೆ ಮಣ್ಣಿನ ಪಾಠಕ್ಕೆ ಪುಟ ತಿರುವಿದರು.

“ನಿಮಗ ಮುಂಡರಗ್ಯಾಗ ಅಜ್ಜಿ ಅದಾರೇನ್ರಿ?”

“ಇಲ್ಲ.”

“ಕುರ್ತಕೋಟ್ಯಾಗ ಅತ್ತಿ ಇದ್ರಲ್ರಿ. ಇದು ನಿಮ್ಮ ಪಾಠನ ಸರ್. ನೀವು ನಮಗ ಹೇಳಿದ್ದನ್ನ ನಾನು ಬಿ.ಎಡ್.ದಾಗ ಬರದಿದ್ದೆ. ಬರದು ಮುಂದಿನೋರಿಗೆ ಕೊಟ್ಟೆ.”

ನಕಲಿನಿಂದ ನಕಲಿಗೆ ಸಾಗುತ್ತ ನನ್ನ ಅತ್ತೆ ಅಜ್ಜಿಯಾಗಿ, ಕುರ್ತಕೋಟಿ ಬಿಟ್ಟು ಮುಂಡರಗಿಗೆ ಬಿಡಾರ ಬದಲಿಸಿದ್ದಳು. ಅಡಕತ್ತರಿಯೊಂದೇ ಅಚಲವಾಗಿ ಉಳಿದಿತ್ತು. ನನಗೆ ಸಂಕಟದಲ್ಲೂ ಒಂದು ಕಿಂಡಿ ಕಂಡಿತು. ಹಾಗಾದರೆ ಇವು ನನ್ನವೇ ಆದವಲ್ಲ, ಸಹಿ ಮಾಡಲು ಅಡ್ಡಿಯೇನು ಎಂದೆ.

“ನಿಮ್ಮವ ಆದ್ರ ಬರ್ಯಾಕ ಯಾಕ ತ್ರಾಸ್ರಿ?”

ಹನ್ನೆರಡು ವರ್ಷದಲ್ಲಿ ನಾನು ಯಾವ ಮಗುವಿನ ಬಾಯಿಯನ್ನೂ ಇಷ್ಟು ಚಿಕ್ಕ ವಾಕ್ಯದಲ್ಲಿ ಮುಚ್ಚಿಸಿರಲಿಲ್ಲ.

ಉಳಿದದ್ದು ಆ ಸೋಮವಾರವೂ ಸೇರಿ ಐದು ದಿನ, ಇಪ್ಪತ್ತನ್ನೂ ಮೊದಲಿನಿಂದ ಮಾಡಬೇಕು. ದಿನಕ್ಕೆ ನಾಲ್ಕು ಯೋಜನೆ, ನಾಲ್ಕು ಸಹಿ, ನಾಲ್ಕು ಪಾಠ. ಮನೆಯಲ್ಲಿ ಬರೆದು ತರುವಂತಿಲ್ಲ, ಇಲ್ಲೇ ಕೂತು ಬರೆಯಬೇಕು ಎಂದರು. ವಹಿಯ ಮೇಲೆ ಆಕೆಗೆ ನಂಬಿಕೆ ಹೋಗಿತ್ತು, ಅದರ ಆದಿಕರ್ತೃ ಆಕೆಯೇ ಆದರೂ. ಉಳಿದ ಶಿಕ್ಷಕರು ತಮ್ಮ ಅವಧಿಗಳನ್ನು ನನಗೆ ದಾನ ಮಾಡಿದರು. ಅಂಥ ಔದಾರ್ಯವನ್ನು ನಾನು ಯಾವ ಸಿಬ್ಬಂದಿ ಕೋಣೆಯಲ್ಲೂ ಕಂಡಿಲ್ಲ.

ಎಂಟನೆಯ ತರಗತಿಯ ಹಿಂದಿನ ಬೆಂಚು ನನ್ನದಾಯಿತು. ಮೇಡಂ ಮುಂದೆ ಪಾಠ ಹೇಳುತ್ತಿದ್ದರು, ನಾನು ಹಿಂದೆ ಮೊಣಕಾಲು ಬಡಿಸಿಕೊಂಡು ಬರೆಯುತ್ತಿದ್ದೆ. ನಡುವೆ ಆಕೆ ಓಡಾಡುತ್ತ ಬಂದು ಹೆಗಲ ಮೇಲಿಂದ ಇಣುಕುವರು. ಮಕ್ಕಳಿಗೆ ಇದು ನಾಟಕಕ್ಕಿಂತ ಹೆಚ್ಚಿನದಾಗಿತ್ತು. ಎರಡನೆಯ ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ತಡೆಯಲಾರದೆ ತಿರುಗಿ, “ನಿಮಗೂ ಬರ್ಯಾಕ ಹಚ್ಚ್ಯಾರೇನ್ರಿ ಸರ್? ನಮಗ ಹತ್ತು ಸಲ ಅಷ್ಟ,” ಎಂದಳು. ನನಗೆ ಇಪ್ಪತ್ತು ಎಂದೆ. ಅವಳು ಬಹಳ ಮರುಕದಿಂದ ನನಗೊಂದು ರಬ್ಬರು ಕೊಟ್ಟಳು.

ಬರೆಯುವುದು ತ್ರಾಸವೇ ಆಯಿತು. ಹೇಳುವಾಗ ಒಂದರ ಬಾಲ ಹಿಡಿದು ಇನ್ನೊಂದು ಬರುವ ಮಾತು, ಐದು ಖಾನೆಗಳ ಮುಂದೆ ಹೊಸಿಲಲ್ಲೇ ನಿಂತುಬಿಡುತ್ತಿತ್ತು. ಎರಡು ಪಾಠಗಳನ್ನು ಮೇಡಂ ಓದಿ ವಾಪಸು ಕೊಟ್ಟರು. ಒಂದರಲ್ಲಿ ಮಕ್ಕಳ ಪ್ರತಿಕ್ರಿಯೆ ಎಂಬಲ್ಲಿ “ಸುಮ್ಮನೆ ಕೂರುವರು” ಎಂದು ಬರೆದಿದ್ದೆ. ಪ್ರಾಮಾಣಿಕತೆಗೆ ಅಲ್ಲಿ ಅಂಕವಿಲ್ಲ. ಗುರುವಾರದ ಹೊತ್ತಿಗೆ ಗಂಟಲು ಕೂತಿತ್ತು. ಮುಖ್ಯೋಪಾಧ್ಯಾಯರು ಜ್ಯೇಷ್ಠಮಧು ಕೊಟ್ಟರು. ಬಿಟ್ಟು ಹೋಗುವ ವಿಚಾರ ಆ ವಾರ ದಿನಾ ಮಧ್ಯಾಹ್ನ ಬರುತ್ತಿತ್ತು, ಬಂದು, ಕಪಾಟಿನ ಬೀಗ ನೆನೆದು ಹಿಂದಿರುಗುತ್ತಿತ್ತು.

ಮಣ್ಣಿನ ಪಾಠವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೆ. ಶುಕ್ರವಾರ ಕೊನೆಯ ಅವಧಿ. ಅತ್ತೆಯ ಅಡಕತ್ತರಿಯನ್ನು ಯಾವ ಖಾನೆಯಲ್ಲಿ ಹಾಕುವುದೆಂದು ಬಹಳ ಹೊತ್ತು ತಿಳಿಯಲಿಲ್ಲ. ಕಡೆಗೆ “ಪೂರ್ವಜ್ಞಾನ” ಎಂಬಲ್ಲಿ ಬರೆದೆ: ಮಕ್ಕಳ ಮನೆಯಲ್ಲೂ ಏನಾದರೊಂದು ಎರೆಯ ಬಿರುಕಿನಲ್ಲಿ ಬಿದ್ದಿರುತ್ತದೆ. ಮೇಡಂ ಅದನ್ನು ಎರಡು ಸಲ ಓದಿ ಸಹಿ ಹಾಕಿದರು. ಆಮೇಲೆ ನಾನು ಎದ್ದು ಬಂದ ಹಿಂದಿನ ಬೆಂಚಿನಲ್ಲಿ ಹೋಗಿ ಕೂತರು.

ಕುಳಿತ ಗಂಟಲಿನಲ್ಲೇ ಹೇಳಿದೆ. ಅತ್ತೆ ಕಳೆ ಕೀಳಲು ಬಗ್ಗಿದ್ದು, ಸೊಂಟದ ಸಂಚಿ ಜಾರಿದ್ದು, ಎಲೆ ಅಡಕೆ ಮೇಲೆಯೇ ಉಳಿದು ಅಡಕತ್ತರಿಯೊಂದೇ ಒಳಗೆ ಹೋದದ್ದು, ಅವಳು ಮೊಣಕೈವರೆಗೆ ತೋಳು ಹಾಕಿದರೂ ತಳ ಸಿಗದಿದ್ದದ್ದು. ಮಳೆಗೆ ಮಣ್ಣು ಉಬ್ಬಿ ಬಾಯಿ ಮುಚ್ಚಿಕೊಂಡದ್ದು. ಮಕ್ಕಳು ಬೇರೆ ಬೇರೆ ಹೊಲಗಳಲ್ಲಿ ಬಿದ್ದದ್ದನ್ನೆಲ್ಲ ಹೇಳತೊಡಗಿದರು: ಕಾಲುಂಗುರ, ಕುಡಗೋಲಿನ ಹಿಡಿ, ಒಂದು ಮೊಬೈಲು. ನಾನು ಬೋರ್ಡಿಗೆ ಬೆನ್ನು ಹಾಕಿಕೊಂಡೇ ಬರೆದೆ.

ಗಂಟೆ ಹೊಡೆದು ಮಕ್ಕಳು ಹೋದ ಮೇಲೆ ಮೇಡಂ ಪುಸ್ತಕ ಹಿಡಿದು ಬಂದರು. ಷರಾ ಬರೆಯುವುದು ಬಾಕಿ ಇತ್ತು. ಪೆನ್ನಿನ ಟೊಪ್ಪಿಗೆ ತೆಗೆದು, ಬರೆಯದೆ ನಿಂತರು.

“ನಾ ಎಂಟನೇತ್ಯಾಗ ಇದ್ದಾಗ ಕೇಳಿದ್ದೆ, ನಾಳೆ ಹೇಳ್ತೀನಿ ಅಂದಿದ್ರಿ. ಸಿಕ್ತೇನ್ರಿ ಸರ್, ಆ ಅಡಕತ್ತರಿ?”

“ಇಲ್ಲವ್ವ. ಸಿಗಲಿಲ್ಲ.”

ಆಕೆ ತಲೆಯಾಡಿಸಿದರು. ಬಗ್ಗಿ, ನೀಲಿ ಶಾಯಿಯಲ್ಲಿ ಬರೆದರು: ಕಪ್ಪು ಹಲಗೆಯ ಬಳಕೆ ಉತ್ತಮಗೊಳ್ಳಬೇಕು. ಕೆಳಗೆ ಆ ದಿನದ ತಾರೀಖು.

ಸೋಮವಾರ ಕಾಲೇಜಿನ ಗುಮಾಸ್ತರು ಪುಸ್ತಕದ ಪುಟಗಳನ್ನು ಹೆಬ್ಬೆರಳಿನಿಂದ ಸರಿಸುತ್ತ ಸಹಿಗಳನ್ನಷ್ಟೇ ಎಣಿಸಿದರು. ಇಪ್ಪತ್ತು ಸರಿಯಾಗಿವೆ, ನಾಲ್ಕನೆಯ ಸೆಮಿಸ್ಟರಿನ ಅರ್ಜಿ ತುಂಬಿ ಎಂದರು. ಪುಸ್ತಕ ನನಗೆ ವಾಪಸು ಬೇಕಿತ್ತು ಎಂದೆ. ಕೋರ್ಸು ಮುಗಿದ ಮೇಲೆ ಎಂದು ಹೇಳಿ ಹಸಿರು ಕಪಾಟನ್ನು ತೆರೆದು, ನನ್ನ ಅಂಕಪಟ್ಟಿಗಳ ಮೇಲೆ ಅದನ್ನಿಟ್ಟು, ಬೀಗ ಹಾಕಿ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ಒಮ್ಮೆ ಜಗ್ಗಿ ನೋಡಿದರು.