ಎಪ್ಪತ್ತೆರಡಕ್ಕೆ ಮರಳಿದ ಕುಲುಮೆ

ಹಳೆಯ ಕ್ಯಾಲೆಂಡರುಗಳ ವಾಸನೆ ನಿಮಗೂ ಗೊತ್ತಿರಬಹುದು. ಗೋಡೆಯ ಸುಣ್ಣ, ಒಗ್ಗರಣೆಯ ಹೊಗೆ, ಒಂದಿಷ್ಟು ಊದುಬತ್ತಿ ಎಲ್ಲವೂ ಸೇರಿ ಕಾಗದಕ್ಕೆ ಹಿಡಿದ ಕಮಟು. ಇಂದು ಬೆಳಿಗ್ಗೆ ಏಳೂವರೆಗೆ ನಾನು ಅಟ್ಟದಿಂದ ಆ ಗಂಟನ್ನು ಇಳಿಸಿದೆ. ಹತ್ತು ಗಂಟೆಗೆ ರದ್ದಿಯವನು ಬರುವವನಿದ್ದ. ಮದುವೆಯಾದ ವರ್ಷದಿಂದ ಇಲ್ಲಿಯವರೆಗಿನ ಕ್ಯಾಲೆಂಡರುಗಳನ್ನು ವರ್ಷವಾರು ಜೋಡಿಸಿ ಸುತಳಿ ಕಟ್ಟಿ ಇಟ್ಟವನು ನಾನು. ಹೋಗಲಿ, ಕೊಟ್ಟುಬಿಡೋಣ ಎಂದು ಕೊನೆಗೆ ಒಪ್ಪಿದವನೂ ನಾನೇ. ಆದರೂ ಕೊಡುವುದನ್ನು ಎಣಿಸಿ ಕೊಡಬೇಕಲ್ಲ. ಎಣಿಸಲು ಸುತಳಿ ಬಿಚ್ಚಿ ಎಲ್ಲಕ್ಕಿಂತ ಹಳೆಯದಾದ, ಎಪ್ಪತ್ತೆರಡನೆಯ ಇಸವಿಯದನ್ನು ಎತ್ತಿದೆ. ಅಲ್ಲಿಗೇ ಕೈ ನಿಂತಿತು. ಜನವರಿಯ ಹಾಳೆಯ ಮೂಲೆಯಲ್ಲಿ ಎಂಟಾಣೆಯಷ್ಟು ದೊಡ್ಡ ಹಸಿರು ಚುಕ್ಕೆಯೊಂದು ಅಂಟಿಕೊಂಡಿತ್ತು. ಅಂಟಿಸಿದ್ದು ನಾನಲ್ಲ.

ಆದರೆ ಆ ಚುಕ್ಕೆಯನ್ನು ನಾನು ಎಲ್ಲಿ ಕಂಡರೂ ಗುರುತಿಸುತ್ತೇನೆ. ಅದು ನಮ್ಮ ಕಾರ್ಖಾನೆಯದು.

ಅದನ್ನು ಹೇಳುವ ಮೊದಲು ನನ್ನ ಬಗ್ಗೆ ಎರಡು ಮಾತು, ಏಕೆಂದರೆ ಮುಂದೆ ಆದ ತಪ್ಪು ನನ್ನಂಥವನಿಂದ ಮಾತ್ರ ಆಗುವಂಥದ್ದು. ನಾನು ಓದಿದ್ದು ಗಡಹಿಂಗ್ಲಜದ ಒಂದು ಬೋರ್ಡಿಂಗಿನಲ್ಲಿ. ಐದಕ್ಕೆ ಗಂಟೆ, ಐದೂಕಾಲಿಗೆ ತಣ್ಣೀರು, ಆರಕ್ಕೆ ಪ್ರಾರ್ಥನೆ. ಬೋರ್ಡಿಂಗ್ ಬಿಟ್ಟು ಅರವತ್ತು ವರ್ಷವಾದರೂ ನನ್ನ ಕಾಲುಗಳು ಐದಕ್ಕೆ ನೆಲಕ್ಕಿಳಿಯುತ್ತವೆ. ನನಗೆ ಎಚ್ಚರವಾಗುವುದು ಆಮೇಲೆ. ಸೋಮವಾರ ಉಪವಾಸ ಮಾಡುವುದನ್ನೂ ಅಲ್ಲಿಯೇ ಕಲಿತೆ. ಕೊಲ್ಹಾಪುರದ ಕಡೆ ನಮ್ಮ ಕಾರ್ಖಾನೆಗಳಿಗೆ ವಾರದ ರಜೆಯೂ ಸೋಮವಾರವೇ. ಹೀಗಾಗಿ ಆ ಒಂದು ದಿನ ನನ್ನ ಹೊಟ್ಟೆಯೂ ಖಾಲಿ, ಕುಲುಮೆಯ ಹೊಟ್ಟೆಯೂ ಖಾಲಿ. ನಮ್ಮಿಬ್ಬರ ದಿನಚರಿ ಹೀಗೆ ಹೊಂದಿಕೊಂಡಿರುವುದರಲ್ಲಿ ನನಗೆ ಒಂದು ಬಗೆಯ ಹೆಮ್ಮೆಯಿತ್ತು.

ನಮ್ಮದು ಬೀಡುಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆ. ಮನೆ ಇಚಲಕರಂಜಿಯಲ್ಲಿ, ಮಗ್ಗಗಳ ಸದ್ದಿನ ನಡುವೆ. ಕೆಲಸ ಕೊಲ್ಹಾಪುರದ ದಾರಿಯಲ್ಲಿ. ಯಂತ್ರಗಳ ದೇಖರೇಖಿ ನನ್ನ ಪಾಲಿಗಿತ್ತು. ಅಲ್ಲಿ ಎಲ್ಲಕ್ಕೂ ಮುಖ್ಯವಾದದ್ದು, ಕರಗಿಸಿದ ಕಬ್ಬಿಣವನ್ನು ಬಿಸಿಯಾಗಿ ಹಿಡಿದಿಟ್ಟುಕೊಳ್ಳುವ ಒಂದು ದೊಡ್ಡ ಕುಲುಮೆ. ಅದರ ಪಕ್ಕದ ಗೋಡೆಗೆ ತಾರೀಖು, ವಾರ ತೋರಿಸುವ ಒಂದು ನಿಯಂತ್ರಣ ಪೆಟ್ಟಿಗೆ. ಆರು ದಿನ ಅದು ತಾನಾಗಿಯೇ ಕುಲುಮೆಯ ಕಾವನ್ನು ಕಾಯುತ್ತಿತ್ತು. ಭಾನುವಾರ ರಾತ್ರಿ ನಾವು ಕುಲುಮೆಯನ್ನು ಬರಿದು ಮಾಡುತ್ತಿದ್ದೆವು; ಸೋಮವಾರ ಹುಟ್ಟಿದೊಡನೆ ಪೆಟ್ಟಿಗೆ ಕಾವು ನಿಲ್ಲಿಸುತ್ತಿತ್ತು.

ಆ ಕುಲುಮೆಯ ಮಿಸ್ತ್ರಿ ಅಕಿವಾಟದ ದುಂಡಪ್ಪ. ಹಿಂದೊಮ್ಮೆ ವಿದ್ಯುತ್ತು ಕೈಕೊಟ್ಟು ತುಂಬಿದ ಕುಲುಮೆಯಲ್ಲಿ ಕಬ್ಬಿಣ ಹೆಪ್ಪುಗಟ್ಟಿತ್ತು. ಆಗ ಅವನು ಅದರ ಹೊಟ್ಟೆಯೊಳಗೆ ಇಳಿದು ಮೂರು ವಾರ ಉಳಿ ಸುತ್ತಿಗೆ ಹಿಡಿದು ಕಡಿದಿದ್ದ. ಅಷ್ಟು ದಿನ ಇಡೀ ಕಾರ್ಖಾನೆ ಸುಮ್ಮನೆ ಕುಳಿತಿತ್ತು. ಅವನ ಎಡಗಿವಿ ಹೋದದ್ದೂ ಆಗಲೇ. "ಇನ್ನೊಮ್ಮೆ ಹೆಪ್ಪ ಕಟ್ಟಿದ್ರ ಊರಿಗೆ ಹೋಗಿ ಕಬ್ಬ ಕಡೀತೇನಿ, ಇದರ ಮಾರಿ ನೋಡೂದಿಲ್ಲ" ಎಂದು ಅವನು ವರ್ಷಕ್ಕೆ ನಾಲ್ಕು ಸಲ ಹೇಳುತ್ತಿದ್ದ. ನಗುತ್ತಾ ಹೇಳುತ್ತಿದ್ದನಾದರೂ ಅದು ನಗೆಮಾತಾಗಿರಲಿಲ್ಲ.

ತೊಂಬತ್ತೊಂಬತ್ತನೆಯ ಇಸವಿಯಲ್ಲಿ ಜಗತ್ತಿಗೆಲ್ಲ ಒಂದೇ ಚಿಂತೆಯಿತ್ತು, ನಿಮಗೆ ನೆನಪಿರಬೇಕು. ಕಂಪ್ಯೂಟರುಗಳು ವರ್ಷವನ್ನು ಎರಡೇ ಅಂಕೆಗಳಲ್ಲಿ ಬರೆದುಕೊಳ್ಳುತ್ತವೆ. ಎರಡು ಸಾವಿರ ಬಂದಾಗ ಎರಡು ಸೊನ್ನೆ ನೋಡಿ ಸಾವಿರದ ಒಂಬೈನೂರು ಎಂದು ತಿಳಿದು ದಾರಿ ತಪ್ಪುತ್ತವೆ ಎಂಬುದು ಆ ಚಿಂತೆ. ನಮ್ಮ ಮಾಲು ಕೊಳ್ಳುವ ದೊಡ್ಡ ಕಂಪನಿಯಿಂದ ಮಾಲಕರಾದ ಅಣ್ಣಾಸಾಹೇಬರಿಗೆ ಪತ್ರ ಬಂತು. ಪತ್ರದ ಹಿಂದೆಯೇ ಪುಣೆಯಿಂದ ಒಬ್ಬ ಇಂಜಿನಿಯರ್ ಬಂದರು. ಅವರ ಚೀಲದಲ್ಲಿ ಕೆಂಪು ಮತ್ತು ಹಸಿರು ಚುಕ್ಕೆಗಳ ಹಾಳೆಗಳಿದ್ದವು. ತಾರೀಖು ಬಲ್ಲ ಯಂತ್ರಕ್ಕೆಲ್ಲ ಮೊದಲು ಕೆಂಪು ಚುಕ್ಕೆ. ಪರೀಕ್ಷೆಯಲ್ಲಿ ಪಾಸಾದರೆ ಅದರ ಮೇಲೆ ಹಸಿರು. ಗೆರೆ ಎಳೆದ ವಹಿ ಹಿಡಿದು ನಾನು ಕಾರ್ಖಾನೆಯ ಮೂಲೆ ಮೂಲೆ ಸುತ್ತಿದೆ. ನನ್ನ ಜೀವನದಲ್ಲಿ ಅಷ್ಟು ಸುಖದ ವಾರಗಳು ಕಡಿಮೆ.

ದುಂಡಪ್ಪ ಕೆನ್ನೆ ಮುಂದೆ ಮಾಡಿದ. "ನನಗೂ ಒಂದ ಕೆಂಪಂದ ಹಚ್ಚರಿ ಸಾಹೇಬ್ರ. ನನಗೂ ತಾರೀಕ ನೆಪ್ಪ ಇರೂದಿಲ್ಲ."

ಕುಲುಮೆಯ ಪೆಟ್ಟಿಗೆಯನ್ನು ದೀಪಾವಳಿಯ ನಂತರದ ಒಂದು ಸೋಮವಾರ ಪರೀಕ್ಷಿಸಿದೆವು. ಕುಲುಮೆ ಬರಿದಾಗಿರುವ ದಿನವೇ ಮಾಡಬೇಕಲ್ಲ. ಇಂಜಿನಿಯರು ಪೆಟ್ಟಿಗೆಯ ಗಡಿಯಾರವನ್ನು ಡಿಸೆಂಬರ್ ಕೊನೆಯ ನಿಮಿಷಕ್ಕೆ ತಂದು ಬಿಟ್ಟರು. ಅವರು, ದುಂಡಪ್ಪ, ನಾನು, ಮೂವರೂ ಪೆಟ್ಟಿಗೆಯ ಮುಂದೆ ನಿಂತೆವು. ಅಂಕೆಗಳು ಹೊರಳಿದವು: ಜನವರಿ ಒಂದು, ಸೊನ್ನೆ ಸೊನ್ನೆ, ಸೋಮವಾರ. ಪೆಟ್ಟಿಗೆ ನಿಲ್ಲಲಿಲ್ಲ, ಕಿರುಚಲಿಲ್ಲ. ಕುಲುಮೆಗೆ ಕಾವು ಹೋಗುತ್ತಿರುವಾಗ ಉರಿಯುವ ಕಾವಿನ ದೀಪ, ಸೋಮವಾರಕ್ಕೆ ತಕ್ಕಂತೆ, ಆರಿತ್ತು. ಎಲ್ಲವೂ ಸರಿ. ನಾನು ವಹಿಯಲ್ಲಿ "ಜನವರಿ ೧, ಸೋಮವಾರ, ಸರಿಯಾಗಿದೆ" ಎಂದು ಬರೆದು ಸಹಿ ಹಾಕಿದೆ. ಇಂಜಿನಿಯರು ಹಸಿರು ಚುಕ್ಕೆ ಹಚ್ಚಿ, ಉಳಿದ ಹಾಳೆಗಳನ್ನು ನನಗೇ ಕೊಟ್ಟು, ಪುಣೆಯ ಬಸ್ಸು ಹತ್ತಿದರು. ನಾನು ಹಸಿದ ಹೊಟ್ಟೆಯಲ್ಲಿ ಸಂತೃಪ್ತನಾಗಿ ಮನೆಗೆ ಬಂದೆ.

ಆ ವಾರವೇ ನೂಲ ಎಂಬ ಹಳ್ಳಿಯಿಂದ ನನ್ನ ಹೆಂಡತಿ ಶಾಂತಾಳ ತಮ್ಮ ಬಸು ಬಂದ. ಅವನು ಹೊಸದಾಗಿ ಹಿಟ್ಟಿನ ಗಿರಣಿ ಹಾಕಿದ್ದ. ನೆನಪಿಡಲು ಸುಲಭವೆಂದು, ಯಾವ ಪಂಚಾಂಗವನ್ನೂ ಕೇಳದೆ, ಜನವರಿ ಒಂದಕ್ಕೇ ಪೂಜೆ ಇಟ್ಟುಕೊಂಡಿದ್ದ. ಕರೆಯಲು ಬಂದಿದ್ದ. ನಾನು ವಹಿ ತೆರೆದು ನೋಡಿ ಹೇಳಿದೆ: "ಚಲೋ ಆತು, ಸೋಮವಾರ ಐತಿ. ಕಾರ್ಖಾನಿಗೆ ಸುಟ್ಟಿ. ಬೆಳಿಗ್ಗೆನ ಬರ್ತೇವಿ. ಆದರ ನನಗ ಹೋಳಿಗೆ ಮಾಡಬ್ಯಾಡ್ರಿ, ಉಪವಾಸ."

ಚಹಾದ ಬಟ್ಟಲು ಹಿಡಿದು ಬಂದ ಶಾಂತಾ ಬಾಗಿಲಲ್ಲೇ ನಿಂತಳು. ಕಿರಾಣಿ ಅಂಗಡಿಯವನು ದೀಪಾವಳಿಗೆ ಕೊಟ್ಟ ಹೊಸ ವರ್ಷದ ಕ್ಯಾಲೆಂಡರ್ ಆಗಲೇ ಅಡುಗೆಮನೆಯ ಗೋಡೆಯ ಮೇಲಿತ್ತು.

"ಗ್ವಾಡಿ ಮ್ಯಾಲ ಶನಿವಾರ ಐತ್ರಿ" ಎಂದಳು. "ನಿಮ್ಮ ವಹಿಯೊಳಗ ಸೋಮವಾರ ಎಲ್ಲಿಂದ ಬಂತು?"

ತಪ್ಪು ಛಾಪಿಸಿರಬೇಕು ಎಂದೆ. ದೇವರಾಣೆ ಹಾಗೆಂದೆ. ಲಕ್ಷಗಟ್ಟಲೆ ಜನ ನೋಡುವ ಕ್ಯಾಲೆಂಡರ್ ತಪ್ಪು, ನನ್ನ ಸಹಿ ಇರುವ ವಹಿ ಸರಿ. ಅವಳು ವಾದಕ್ಕಿಳಿಯಲಿಲ್ಲ. ಮೇಜಿನ ಮೇಲಿದ್ದ ಹಾಳೆಯಿಂದ ಒಂದು ಕೆಂಪು ಚುಕ್ಕೆ ಕಿತ್ತು ನನ್ನ ಅಂಗಿಯ ಜೇಬಿಗೆ ಹಚ್ಚಿದಳು.

"ಇದೊಂದ ಮಶೀನ್ ತಪಾಸ್ ಮಾಡೂದ ಉಳದೈತಿ ನೋಡ" ಎಂದು ತಮ್ಮನಿಗೆ ಹೇಳಿದಳು.

ಬಸು ಚಹಾ ಚೆಲ್ಲಿಕೊಂಡು ನಕ್ಕ. ನಾನು ಬೆರಳು ಮಡಿಚಿ ದಿನ ಎಣಿಸಿದೆ. ಎರಡು ಸಲ ಎಣಿಸಿದೆ. ಶನಿವಾರ. ಆಗ ಗೊತ್ತಾಯಿತು. ಪೆಟ್ಟಿಗೆ ಪಾಸಾಗಿರಲಿಲ್ಲ. ನೂರು ವರ್ಷ ಹಿಂದಕ್ಕೆ ಹೋಗಿ ಅಲ್ಲಿಯ ವಾರವನ್ನು ತೋರಿಸಿತ್ತು. ನಾವು ನಿಂತಿದ್ದದ್ದೂ ಒಂದು ಸೋಮವಾರವೇ ಆದ್ದರಿಂದ, ಸೋಮವಾರ ಎಂಬ ಪದ ಮೂವರ ಕಣ್ಣಿಗೂ ಸಹಜವಾಗಿ ಕಂಡಿತ್ತು. ಅಂದರೆ ಡಿಸೆಂಬರ್ ಕೊನೆಯ ರಾತ್ರಿ, ಕುಲುಮೆಯ ತುಂಬ ಕಬ್ಬಿಣವಿರುವಾಗ, ಪೆಟ್ಟಿಗೆ ಇವತ್ತು ರಜೆ ಎಂದುಕೊಂಡು ಕಾವು ನಿಲ್ಲಿಸುತ್ತದೆ. ಬೆಳಿಗ್ಗೆ ದುಂಡಪ್ಪನಿಗೆ ಸಿಗುವುದು ಕಬ್ಬಿಣದ ಗುಡ್ಡ.

ಮರುದಿನ ಕೆಲಸಕ್ಕೆ ಹೊರಟಾಗ ಆ ಕೆಂಪು ಚುಕ್ಕೆಯನ್ನು ಕೀಳಲು ಕೈ ಹೋಯಿತು. ಕೀಳದೆ, ಹಿಂದಿನ ದಿನದ ಅಂಗಿಯನ್ನೇ ತೊಟ್ಟು ಹೊರಟೆ. ಅಂಗಿ ಬದಲಿಸದೆ ನಾನು ಕಾರ್ಖಾನೆಗೆ ಹೋದದ್ದು ಅದೊಂದೇ ಸಲ. ಅಣ್ಣಾಸಾಹೇಬರು ನನ್ನ ಜೇಬು ನೋಡಿ, "ಹೇ ಕಾಯ? ಖಿಸೆಕ್ಕ ಏನ ಹಚ್ಕೊಂಡೀರಿ?" ಎಂದು ಮರಾಠಿ ಬೆರೆಸಿ ಕೇಳಿದರು. ತಪ್ಪು ಮಾಡಿದ ಯಂತ್ರ ನಾನೇ ಎಂದು ಹೇಳಿ ವಹಿ ತೋರಿಸಿದೆ. ಅವರು ಪುಣೆಗೆ ಫೋನು ಹಚ್ಚಿದರು. ಇಂಜಿನಿಯರು ಕ್ಷಮೆ ಕೇಳಿದರು. ಹೊಸ ಪೆಟ್ಟಿಗೆ ಬರಲು ಮಾರ್ಚ್ ಆಗುತ್ತದೆ ಎಂದರು. ದುಂಡಪ್ಪ ಬಲಗಿವಿಯಿಂದ ಎಲ್ಲ ಕೇಳಿಸಿಕೊಂಡ. ನಗಲಿಲ್ಲ. "ಹಂಗಾರ ನಾನು ಕುಡಗೋಲ ಮಸೀಲೇನ್ರಿ?" ಎಂದ.

ಆ ಮಾತು ಹೊತ್ತುಕೊಂಡು ಮನೆಗೆ ಬಂದೆ. ಊಟಕ್ಕೆ ಕುಳಿತಾಗ ಹೊಳೆಯಿತು: ಪೆಟ್ಟಿಗೆಗೆ ನಿಜವಾದ ವರ್ಷ ಬೇಕಾಗಿಲ್ಲ, ನಿಜವಾದ ವಾರ ಸಾಕು. ಅದಕ್ಕೆ ಅರ್ಥವಾಗುವ ಹಳೆಯ ವರ್ಷಗಳಲ್ಲಿ ಯಾವುದೋ ಒಂದು, ದಿನಕ್ಕೆ ದಿನ ಎರಡು ಸಾವಿರದಂತೆಯೇ ಇರಬೇಕಲ್ಲ? ಜನವರಿ ಒಂದು ಶನಿವಾರ, ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ. ಎದ್ದು ಕೈ ತೊಳೆದು ಅಟ್ಟದ ಗಂಟು ಇಳಿಸಿದೆ. ಶಾಂತಾ ಆ ಗಂಟನ್ನು ಕಸವೆಂದೇ ಕರೆಯುತ್ತಿದ್ದಳು. ಆದರೂ ದೀಪ ಹಿಡಿದು ಪಕ್ಕದಲ್ಲಿ ಕುಳಿತಳು. ಹೊಸದರಿಂದ ಹಿಂದಕ್ಕೆ ಒಂದೊಂದನ್ನೇ ನೋಡುತ್ತಾ ಬಂದೆವು. ಒಂದರಲ್ಲಿ ಶನಿವಾರ ಇದ್ದರೆ ಇಪ್ಪತ್ತೊಂಬತ್ತು ಇಲ್ಲ, ಇನ್ನೊಂದರಲ್ಲಿ ಇಪ್ಪತ್ತೊಂಬತ್ತು ಇದ್ದರೆ ಶನಿವಾರ ಇಲ್ಲ. ತಳ ಮುಟ್ಟಿದೆವು. ತಳದಲ್ಲಿದ್ದದ್ದು ಎಪ್ಪತ್ತೆರಡು, ನಾವು ಮದುವೆಯಾದ ವರ್ಷ. ಎರಡೂ ಹೊಂದಿದವು. ಕಿರಾಣಿ ಅಂಗಡಿಯ ಕ್ಯಾಲೆಂಡರನ್ನು ಪಕ್ಕಕ್ಕಿಟ್ಟು ಹನ್ನೆರಡು ತಿಂಗಳೂ ನೋಡಿದೆವು. ಒಂದು ವಾರವೂ ತಪ್ಪಲಿಲ್ಲ.

ಹಳೆಯ ಹಸಿರು ಚುಕ್ಕೆಯನ್ನು ಕಿತ್ತು ಪೆಟ್ಟಿಗೆಯನ್ನು ಎಪ್ಪತ್ತೊಂದಕ್ಕೆ ತಿರುಗಿಸಿದೆವು, ಹೊಸ ವರ್ಷಕ್ಕೆ ಅದು ತಾನಾಗಿ ಎಪ್ಪತ್ತೆರಡಕ್ಕೆ ಹೋಗಲೆಂದು. ಈ ಸಲ ಪರೀಕ್ಷೆಯನ್ನು ಸೋಮವಾರ ಮಾಡಲಿಲ್ಲ. ಒಂದು ಬುಧವಾರ, ಕುಲುಮೆ ಬರಿದು ಮಾಡಿಸಿ, ಅಂಕೆ ಹೊರಳಿಸಿದೆವು. ಶನಿವಾರ ಎಂದು ಬಂತು. ಕಾವಿನ ದೀಪ ಉರಿಯಿತು. ಆದರೂ ದುಂಡಪ್ಪ ಹಸಿರು ಚುಕ್ಕೆ ಹಚ್ಚಲು ಬಿಡಲಿಲ್ಲ. ಕಬ್ಬಿಣ ನೀರಾಗಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಎಂದ.

ಡಿಸೆಂಬರ್ ಮೂವತ್ತೊಂದರಂದು ಜಗತ್ತು ಎದ್ದಿತ್ತಂತೆ. ನಾನು ಎಂದಿನಂತೆ ಒಂಬತ್ತೂವರೆಗೆ ಮಲಗಿದೆ. ನಿದ್ದೆ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋದೆ. ದುಂಡಪ್ಪ ಆಗಲೇ ಬಂದು ಕುಲುಮೆಯ ಮುಚ್ಚಳದ ಹತ್ತಿರ ನಿಂತಿದ್ದ, ನನಗಾಗಿ ಕಾಯುತ್ತಾ. ಮುಚ್ಚಳ ಎತ್ತಿದ. ಒಳಗಿನಿಂದ ಕಿತ್ತಳೆ ಬೆಳಕು ಅವನ ಮುಖಕ್ಕೆ ಹೊಡೆಯಿತು. ಸಲಾಕೆಯಿಂದ ಕಲಕಿದರೆ ಮಜ್ಜಿಗೆಯ ಹಾಗೆ ತಿರುಗಿತು. ಪೆಟ್ಟಿಗೆಯ ಮೇಲೆ ಎಪ್ಪತ್ತೆರಡು, ಶನಿವಾರ.

"ನೀರ ಐತ್ರಿ" ಎಂದ. ಇನ್ನೊಂದು ಸಲ ಹೇಳಿದ, "ನೀರ ಐತಿ."

ಎರಡು ಸಾವಿರದ ಮೊದಲ ಎರಕವನ್ನು ಎಪ್ಪತ್ತೆರಡರಲ್ಲಿ ಹೊಯ್ದೆವು. ಆಮೇಲೆ ದುಂಡಪ್ಪ ಹಾಳೆ ಕೇಳಿ ಪಡೆದು, ಒಂದು ಹಸಿರು ಚುಕ್ಕೆಯನ್ನು ಪೆಟ್ಟಿಗೆಗೂ ಇನ್ನೊಂದನ್ನು ನನ್ನ ಜೇಬಿಗೂ ಹಚ್ಚಿದ. ಅವನ ಹೆಬ್ಬೆರಳಿನ ಕಪ್ಪು ಅದರ ಮೇಲೆ ಮೂಡಿತು. ನಾನು ಅರ್ಧ ದಿನದ ರಜೆ ಬರೆದಿಟ್ಟು, ಶಾಂತಾಳನ್ನು ಕರೆದುಕೊಂಡು ನೂಲಕ್ಕೆ ಹೋಗಿ, ಬಸುವಿನ ಗಿರಣಿಯ ಮುಂದೆ ಕುಳಿತು ಐದು ಹೋಳಿಗೆ ತಿಂದೆ. ಶನಿವಾರವಲ್ಲವೇ. ಹೊಸ ಪೆಟ್ಟಿಗೆ ಬಂದದ್ದು ಮಾರ್ಚಿನಲ್ಲಲ್ಲ, ದೀಪಾವಳಿಗೆ. ಅಲ್ಲಿಯವರೆಗೆ ನಮ್ಮ ಕುಲುಮೆ ನಮ್ಮ ಮದುವೆಯ ವರ್ಷದಲ್ಲಿಯೇ ಇತ್ತು. ಒಂದು ದಿನವೂ ಹೆಪ್ಪುಗಟ್ಟಲಿಲ್ಲ.

ಜೇಬಿನ ಚುಕ್ಕೆ ಅಗಸನ ಮನೆಯಲ್ಲಿ ಹೋಯಿತೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಇಂದು ಕನ್ನಡಕ ಒರೆಸಿ ನೋಡಿದೆ. ಎಪ್ಪತ್ತೆರಡರ ಮೂಲೆಯ ಹಸಿರಿನ ಮೇಲೆ ಹೆಬ್ಬೆರಳಿನ ಕಪ್ಪು ಇನ್ನೂ ಇದೆ. ಕ್ಯಾಲೆಂಡರ್ ಹಿಡಿದು ಅಡುಗೆಮನೆಗೆ ಹೋಗಿ ಆ ಮೂಲೆಯನ್ನು ತೋರಿಸಿದೆ. ಶಾಂತಾ ಸೊಪ್ಪು ಬಿಡಿಸುತ್ತಿದ್ದಳು. ಒಮ್ಮೆ ತಲೆಯೆತ್ತಿ ನೋಡಿದಳು.

"ಅದು ತಪಾಸ್ ಆದ ಮಾಲು. ಇಟ್ಟಬರ್ರಿ."

ಹತ್ತಕ್ಕೆ ರದ್ದಿಯವನು ಬಂದಾಗ ಅವಳೇ ಬಾಗಿಲಿಗೆ ಹೋಗಿ ವರ್ತಮಾನ ಪತ್ರಿಕೆಗಳನ್ನಷ್ಟೇ ಕೊಟ್ಟು ಕಳಿಸಿದಳು. ನಾನು ಗಂಟನ್ನು ಹೊಸ ಸುತಳಿಯಿಂದ ಕಟ್ಟಿದೆ. ಎಪ್ಪತ್ತೆರಡನ್ನು ಮಾತ್ರ ಹೊರಗಿಟ್ಟೆ. ಬೆರಳು ಮಡಿಚಿ, ಎರಡು ಸಲ, ಎಣಿಸಿ ನೋಡಿದ್ದೇನೆ: ಎರಡು ಸಾವಿರದ ಇಪ್ಪತ್ತೆಂಟಕ್ಕೆ ಅದು ಮತ್ತೆ ದಿನಕ್ಕೆ ದಿನ ಹೊಂದುತ್ತದೆ. ಆ ವರ್ಷ ನಾವು ಹೊಸ ಕ್ಯಾಲೆಂಡರ್ ತರುವುದಿಲ್ಲ. ಮೊಳೆ ಈಗಲೇ ಹೊಡೆದಿದ್ದೇನೆ.