ಕರಡಿಯ ಮೇಲಿನ ಗೀಟು

ರಾಜಾಜಿನಗರದ ನಮ್ಮ ಶಾಲೆಯಲ್ಲಿ ಜಗದಾಂಬಾ ಹೊಲಿಗೆ ಟೀಚರು, ನಾನು ಗಣಿತದವಳು. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಸ್ಟೀಲ್ ಲೋಟದಲ್ಲಿ ನೀರು ಕುಡಿದರೆ ಅವರಿಗೊಂದು ಬೆಳ್ಳಿ ತಂಬಿಗೆ. ಹಾಲುಗುಡ್ಡ ಎಂಬ ಪುಟ್ಟ ಸಂಸ್ಥಾನದ ಮಗಳಂತೆ, ತಂಬಿಗೆಯ ಮೇಲೆ ಅವರ ಮನೆತನದ ಲಾಂಛನವಿದೆಯಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಡಿಕೊಂಡವರಲ್ಲಿ ನಾನೇ ಮೊದಲಿಗಳು. ವಿಚಿತ್ರವೆಂದರೆ, ಆ ಲಾಂಛನವನ್ನು ಅವರು ಯಾವಾಗಲೂ ತಮ್ಮ ಕಡೆಗೇ ತಿರುಗಿಸಿ ಹಿಡಿಯುತ್ತಿದ್ದರು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ನಮಗೂ ಒಂಚೂರು ತೋರ್ಸ್ರೀ, ಕಣ್ಣು ಹಾಕಲ್ಲ."

ತಂಬಿಗೆ ತಿರುಗಿಸಿದರು. ಛತ್ರಿಯ ಕೆಳಗೆ ನಿಂತ ಕರಡಿ, ಅಕ್ಕಪಕ್ಕ ಸೂರ್ಯ ಚಂದ್ರ. ಕರಡಿಯ ಕಿವಿಯಿಂದ ಕಾಲಿನವರೆಗೆ ಉಳಿಯಿಂದ ಹೊಡೆದ ಆಳವಾದ ಗೀಟು.

"ನಮ್ಮಪ್ಪ ಹಾಕಿದ್ದು," ಎಂದರು. "ಮನೇಲಿ ಎಲ್ರಿಗೂ ಒಂದೊಂದು ತಂಬಿಗೆ, ಹೆಣ್ಣುಮಕ್ಕಳಿಗೂ ಕೊಡ್ತಾರೆ. ಆದ್ರೆ ಮದುವೆ ದಿನ ಬೆಳಿಗ್ಗೆ ಮನೆ ಯಜಮಾನ ತನ್ನ ಕೈಯಾರೆ ಗೀಟು ಹಾಕ್ಬೇಕು. ಇನ್ಮೇಲೆ ಇವಳು ಈ ಮನೆಯವಳಲ್ಲ ಅಂತ. ನಂಗೆ ಜಡೆ ಹೆಣೀತಾ ಇದ್ರು, ಪಕ್ಕದ ಕೋಣೇಲಿ ಟಣ್ ಅಂತು. ಇವತ್ತಿಗೂ ಕಿವೀಲಿದೆ ರೀ."

ಆಡಿಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಗಂಡ ತೀರಿಕೊಂಡ ಮೇಲೆ ಜಗದಾಂಬಾ ವಿಜಯನಗರದಲ್ಲಿದ್ದ ಅಣ್ಣ ಪಂಚಾಕ್ಷರಿಯವರ ಮನೆಗೆ ಬಂದಿದ್ದರು. ಅಣ್ಣನ ಮಗಳು ನೀಲಾ ತಾಯಿಯಿಲ್ಲದ ಕೂಸು, ಸಾಕಿದ್ದೆಲ್ಲ ಇವರೇ. ಎಪ್ಪತ್ತನಾಲ್ಕರಲ್ಲಿ ನೀಲಾಳ ಮದುವೆ ನಿಶ್ಚಯವಾಯಿತು. ಆಗ ಶುರುವಾಯಿತು ಇವರ ಸಂಕಟ.

"ನನಗೆ ಬಿದ್ದ ಗೀಟು ನನ್ನ ಮಗೂಗೂ ಬೀಳ್ಬಾರ್ದು. ಅಣ್ಣನಿಗೆ ದಿನಾ ಹೇಳ್ತಾ ಇದೀನಿ. ಪದ್ಧತಿ ಬಿಡಕ್ಕಾಗಲ್ಲ ಅಂತಾರೆ."

ನನಗೆ ಮೈಯೆಲ್ಲ ಉರಿಯಿತು. ರಾಜರ ಬಿರುದುಗಳನ್ನೆಲ್ಲ ಸರ್ಕಾರ ತೆಗೆದುಹಾಕಿ ಮೂರು ವರ್ಷವಾಗಿತ್ತು. ಈ ಯಜಮಾನರೋ ಆಫೀಸೊಂದರಲ್ಲಿ ಗುಮಾಸ್ತರು, ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದರೆ ಇದೇ. ಮದುವೆಯ ದಿನ ಅವರಿಗೆ ನಾಲ್ಕು ಮಾತು ಅಂದೇಬಿಡುವುದೆಂದು ಹೋದೆ.

ಮನೆ ಮುಂದೆ ಚಪ್ಪರ. ಒಳಗೆ ನಾನು ನೀಲಾಳಿಗೆ ಮೊಗ್ಗಿನ ಜಡೆ ಹೆಣೆಯುತ್ತಿದ್ದೆ. ಜಗದಾಂಬಾ ದಾರದುಂಡೆ ಹಿಡಿದು ಕೂತಿದ್ದರು; ಗಮನವೆಲ್ಲ ಪಕ್ಕದ ಕೋಣೆಯ ಕಡೆಗೆ. ಪಂಚಾಕ್ಷರಿಯವರು ಉಳಿ ಸುತ್ತಿಗೆ ತೆಗೆದುಕೊಂಡು ಅಲ್ಲಿಗೆ ಹೋಗಿದ್ದನ್ನು ಇಬ್ಬರೂ ನೋಡಿದ್ದೆವು.

ಟಣ್.

ದಾರದುಂಡೆ ಉರುಳಿತು. ಜಗದಾಂಬಾ ಎದ್ದು ಓಡಿದರು. ಹಿಂದೆಯೇ ನಾನು.

ಪಂಚಾಕ್ಷರಿಯವರು ಚಾಪೆಯ ಮೇಲೆ ಕೂತಿದ್ದರು. ಮುಂದೆ ಎರಡು ತಂಬಿಗೆ. ನೀಲಾಳದರ ಮೇಲೆ ಕರಡಿ ಹಾಗೇ ಇತ್ತು, ಒಂದು ಕೂದಲೂ ಕೊಂಕದೆ. ಗೀಟು ಬಿದ್ದದ್ದು ಯಜಮಾನರ ಸ್ವಂತ ತಂಬಿಗೆಗೆ.

"ಗೀಟು ಬೀಳದೆ ಮದುವೆ ನಡೆಯೋ ಹಾಗಿಲ್ಲ ಕಣಮ್ಮ," ಎಂದರು, ತಂಗಿಯ ಮುಖ ನೋಡದೆ. "ನಂದಕ್ಕೇ ಹಾಕ್ಕೊಂಡೆ. ಇಷ್ಟು ವರ್ಷ ಈ ಮನೇಲಿ ನಿನ್ನ ತಂಬಿಗೆ ಒಂದಕ್ಕೇ ಗೀಟಿತ್ತಲ್ಲ."

ಜಗದಾಂಬಾ ಅಣ್ಣನ ಕಾಲ ಬಳಿ ಕುಸಿದು ಅತ್ತುಬಿಟ್ಟರು. ಜಗಳಕ್ಕೆಂದು ಬಂದ ನಾನೂ ಅತ್ತೆ. ಆ ಕಡೆ ನೀಲಾ ಅರ್ಧ ಜಡೆಯಲ್ಲೇ ನಮ್ಮನ್ನು ಕೂಗುತ್ತಿದ್ದಳು.

ಸೋಮವಾರ ಸ್ಟಾಫ್ ರೂಮಿನಲ್ಲಿ ಜಗದಾಂಬಾ ಎಂದಿನಂತೆ ತಂಬಿಗೆ ಎತ್ತಿ ನೀರು ಕುಡಿದರು. ಗೀಟು ಬಿದ್ದ ಕರಡಿ ನಮ್ಮ ಕಡೆ ನೋಡುತ್ತಿತ್ತು.